ಅಪ್ಪ-ಅಮ್ಮ ಅಮೆರಿಕದಲ್ಲಿ ಇನ್ನಷ್ಟು ದಿನ ಇರಬೇಕಾದರೆ

ಮಗಳ ಮನೆಗೆ ಬಂದ ಅಪ್ಪ-ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಹತ್ತು ವರ್ಷದ ಬಿ-1/ಬಿ-2 (ಭೇಟಿಗೆ ಬರುವವರ) ವೀಸಾ ಇದ್ದರೆ ಎಲ್ಲರೂ ನಿಶ್ಚಿಂತರು. ಆದರೆ ವೀಸಾ ಇರುವುದು ಬಾಗಿಲ ತನಕ ಬರುವುದಕ್ಕೆ. ಒಳಗೆ ಯಾವ ತಾರೀಖಿನ ತನಕ ಇರಬಹುದು ಅನ್ನುವುದು ಐ-94 ಎಂಬ ಪ್ರವೇಶ ದಾಖಲೆಯಲ್ಲಿರುತ್ತದೆ. ನಾವು 'ವೀಸಾ ಎಕ್ಸ್‌ಟೆನ್ಷನ್' ಅನ್ನುತ್ತೇವೆ, ಮುಂದಕ್ಕೆ ಹೋಗುವುದು ಮಾತ್ರ ಆ ತಾರೀಖು.

ಬಂದಿಳಿದ ವಾರದಲ್ಲೇ ಅಮೆರಿಕದ ಗಡಿ ತಪಾಸಣಾ ಇಲಾಖೆಯಾದ ಸಿಬಿಪಿ ವೆಬ್‌ಸೈಟ್‌ನಿಂದ ಇಬ್ಬರ ಐ-94ನ್ನೂ ತೆಗೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಆರು ತಿಂಗಳು ಸಿಗುತ್ತದೆ. ಪಾಸ್‌ಪೋರ್ಟ್ ಅದಕ್ಕೂ ಮೊದಲೇ ಮುಗಿಯುವುದಿದ್ದರೆ ಆ ದಿನಕ್ಕೇ ನಿಲ್ಲಿಸಿರಬಹುದು. ನಮ್ಮ ಕಡೆಯ ಎಷ್ಟೋ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ. ಅಂಥವರ ವೀಸಾದಲ್ಲಿ ಪೂರ್ತಿ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಗಿವನ್ ನೇಮ್ ಜಾಗದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್ನೋನ್, ಅಂದರೆ ಹೆಸರು ಗೊತ್ತಿಲ್ಲ) ಕೂತಿರುತ್ತದೆ. ದಾಖಲೆ ಸಿಗದಿದ್ದರೆ ಹಾಗೇ ಹಾಕಿ ಹುಡುಕಿ.

ಐ-94ರ ತಾರೀಖನ್ನು ಮುಂದಕ್ಕೆ ಹಾಕಿಸುವ ಅರ್ಜಿಯ ಹೆಸರು ಐ-539. ಕೊಡಬೇಕಾದದ್ದು ಅಲ್ಲಿನ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ. 2024ರ ಏಪ್ರಿಲ್ 1ರಿಂದ ಶುಲ್ಕ ಆನ್‌ಲೈನ್‌ನಲ್ಲಿ 420 ಡಾಲರ್, ಕಾಗದದಲ್ಲಿ 470. ಗಂಡ-ಹೆಂಡತಿ ಒಂದೇ ಅರ್ಜಿ ಹಾಕಬಹುದು, ಶುಲ್ಕವೂ ಒಂದೇ. ಕಾಗದದಲ್ಲಾದರೆ ಎರಡನೆಯವರಿಗೆ ಐ-539ಎ ಫಾರಂ ಸೇರಿಸಿ, ಅವರೇ ರುಜು ಹಾಕಬೇಕು. ಅಮ್ಮ ಕನ್ನಡದಲ್ಲಿ ರುಜು ಮಾಡಿದರೂ ನಡೆಯುತ್ತದೆ. ಅಮ್ಮನ ಪರವಾಗಿ ಮಗ ಹಾಕಿದರೆ ಅರ್ಜಿ ವಾಪಸ್.

ಐ-94 ಮುಗಿಯಲು 45 ದಿನ ಇರುವಾಗಲೇ ಅರ್ಜಿ ಹಾಕುವುದು ಒಳ್ಳೆಯದು. ಅಂಚೆಯಲ್ಲಿ ಕಳಿಸಿದರೆ ಲೆಕ್ಕಕ್ಕೆ ಬರುವುದು ಅವರ ಕೈಸೇರಿದ ದಿನ, ನೀವು ಅಂಚೆಗೆ ಹಾಕಿದ ದಿನವಲ್ಲ. ನೀವು ಕೇಳುವ ಕೊನೆಯ ದಿನದವರೆಗೂ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು.

ಅರ್ಜಿಯ ಜೀವ ಇರುವುದು ಜೊತೆಗಿಡುವ ಪತ್ರದಲ್ಲಿ. ಯಾಕೆ ಇರಬೇಕು, ಯಾವ ತಾರೀಖಿನವರೆಗೆ, ಖರ್ಚು ಯಾರದು, ಊರಿಗೆ ಮರಳಿ ಹೋಗುತ್ತಾರೆ ಅನ್ನುವುದಕ್ಕೆ ಆಧಾರವೇನು, ಇಷ್ಟನ್ನು ಒಂದು ಪುಟದಲ್ಲಿ ಬರೆಯಿರಿ. 'ಸೊಸೆ ಕೆಲಸಕ್ಕೆ ಹೋಗುತ್ತಾಳೆ, ಮಗು ನೋಡಿಕೊಳ್ಳಲು ಜನ ಇಲ್ಲ' ಅನ್ನುವುದು ನಮಗೆ ಸಹಜ ಕಾರಣ, ಅಧಿಕಾರಿಯ ಕಣ್ಣಿಗೆ ದಾದಿಯ ಕೆಲಸ. ಅದರ ಮೇಲೆ ಅರ್ಜಿ ನಿಲ್ಲಿಸಬೇಡಿ. ಹಾಗಂತ ಸುಳ್ಳು ಕಾರಣವನ್ನೂ ಹೊಸೆಯಬೇಡಿ. ಕಾಯಿಲೆ ಕಾರಣವಾದರೆ ಏನು ತೊಂದರೆ, ಚಿಕಿತ್ಸೆ ಎಷ್ಟು ದಿನ ಅಂತ ವೈದ್ಯರಿಂದ ಬರೆಸಿ, ಬಿಲ್ ಕಟ್ಟುವ ಶಕ್ತಿಗೆ ದಾಖಲೆ ಇಡಿ.

ಮರಳುವ ಟಿಕೆಟ್, ಪಿಂಚಣಿ ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಪಹಣಿ ಎಲ್ಲ ಜೊತೆಗಿರಲಿ. ಪಹಣಿ ಕನ್ನಡದಲ್ಲಿರುತ್ತದೆ, ಹಾಗೇ ಲಗತ್ತಿಸಿದರೆ ಪ್ರಯೋಜನವಿಲ್ಲ. ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಕೆಳಗೆ ಅನುವಾದಕರು 'ಇದು ಪೂರ್ಣ ಮತ್ತು ನಿಖರ, ಎರಡೂ ಭಾಷೆ ನನಗೆ ಬರುತ್ತವೆ' ಎಂದು ಬರೆದು ರುಜು, ತಾರೀಖು ಹಾಕಬೇಕು. ಕನ್ನಡ, ಇಂಗ್ಲಿಷ್ ಚೆನ್ನಾಗಿ ಬಲ್ಲ ಮನೆಯ ಹೊರಗಿನ ಸ್ನೇಹಿತರೊಬ್ಬರಿಂದ ಮಾಡಿಸಿದರೆ ಸಾಕು.

ಅರ್ಜಿ ಸೇರಿದ ಮೇಲೆ ಐ-797ಸಿ ರಸೀದಿ ಬರುತ್ತದೆ. ಸಮಯಕ್ಕೆ ಸರಿಯಾಗಿ ಹಾಕಿದ್ದರೆ, ತೀರ್ಮಾನ ಬರುವ ತನಕ ಐ-94 ಮುಗಿದರೂ ಅಕ್ರಮ ವಾಸದ ದಿನಗಳು ಎಣಿಕೆಯಾಗುವುದಿಲ್ಲ. ತಿರಸ್ಕಾರವಾದರೆ ಮರುದಿನದಿಂದಲೇ ಎಣಿಕೆ ಶುರು. 180 ದಿನ ಮೀರಿ ಇದ್ದು ಹೊರಟರೆ ಮೂರು ವರ್ಷ, ಒಂದು ವರ್ಷ ತುಂಬಿದರೆ ಹತ್ತು ವರ್ಷ ಪ್ರವೇಶ ನಿಷೇಧ. ಆದ್ದರಿಂದ ಬೇಡವೆಂಬ ಪತ್ರ ಬಂದ ಕೂಡಲೇ ಟಿಕೆಟ್ ಮಾಡಿ.

ಬೆರಳಚ್ಚಿಗೆ ಕರೆದರೆ ತಪ್ಪಿಸಬಾರದು. ಹೋಗದಿದ್ದರೆ ಅರ್ಜಿ ಕೈಬಿಟ್ಟಂತೆ. ಅಪ್ಪ-ಅಮ್ಮ ಮಗಳ ಮನೆಯಿಂದ ಮಗನ ಮನೆಗೆ ಹೋದರೆ ವಿಳಾಸ ಬದಲಾವಣೆಯನ್ನು ಹತ್ತು ದಿನದೊಳಗೆ ತಿಳಿಸಿ, ಇಲ್ಲವಾದರೆ ಕರೆಪತ್ರ ಹಳೆಯ ಮನೆಯ ಡಬ್ಬಿಯಲ್ಲೇ ಬಿದ್ದಿರುತ್ತದೆ.

ಉತ್ತರ ಬರುವ ಮೊದಲೇ ಊರಿಗೆ ಹೊರಟರೆ ಅರ್ಜಿ ಅಲ್ಲಿಗೆ ಮುಗಿಯಿತು. ಆದರೆ ಆ ರಸೀದಿ, ಹೊರಟ ದಿನದ ಬೋರ್ಡಿಂಗ್ ಪಾಸ್ ಎರಡನ್ನೂ ಪಾಸ್‌ಪೋರ್ಟ್ ಜೊತೆಗೇ ಇಟ್ಟಿರಿ. ಮುಂದಿನ ಸಲ ವಿಮಾನ ನಿಲ್ದಾಣದಲ್ಲಿ 'ಕಳೆದ ಬಾರಿ ಐ-94 ಮೀರಿ ಇದ್ದಿರಲ್ಲ' ಅಂತ ಕೇಳಿದರೆ ತೋರಿಸಲು ಅವೇ ಬೇಕಾಗುತ್ತವೆ.