ಪರಿಸರದ ಪಾಡ್‌ಕಾಸ್ಟ್‌ನಲ್ಲಿ ಯಾರ ದನಿ ಇರಬೇಕು?

ಪರಿಸರ ಸಂರಕ್ಷಣೆಯ ಕುರಿತ ಪಾಡ್‌ಕಾಸ್ಟ್‌ಗಳಲ್ಲಿ ನಾನು ಕೇಳಿದ ಹೆಚ್ಚಿನವು ಸಂದರ್ಶನದ ಜಾಡನ್ನೇ ಹಿಡಿದಿವೆ. ತಜ್ಞರೊಬ್ಬರನ್ನು ಕೂರಿಸಿ ಒಂದು ಗಂಟೆ ಮಾತನಾಡಿಸಿದರೆ ಸಂಚಿಕೆ ಸಿದ್ಧ. ಅದರಿಂದ ತಿಳಿವಳಿಕೆ ಹೆಚ್ಚುವುದು ನಿಜವಾದರೂ, ಕಾಡಿನ ಅಂಚಿನಲ್ಲಿ, ಹೊಳೆಯ ದಡದಲ್ಲಿ ಬದುಕುವವರ ದನಿಯೇ ಅದರಲ್ಲಿ ಇಲ್ಲದಿದ್ದರೆ, ಅವರು ಅದನ್ನು ತಮ್ಮದೆಂದು ಭಾವಿಸುವುದಿಲ್ಲ.

ಈ ವಿಷಯದಲ್ಲಿ ಹಳೆಯ ರೇಡಿಯೊದಿಂದ ಕಲಿಯುವುದು ಬಹಳಷ್ಟಿದೆ. ಕೆನಡಾದಲ್ಲಿ 1941ರಿಂದ 1965ರವರೆಗೆ ನಡೆದ ರಾಷ್ಟ್ರೀಯ ಕೃಷಿ ರೇಡಿಯೊ ವೇದಿಕೆಯ ಕಾರ್ಯಕ್ರಮವನ್ನು ರೈತರು ನೆರೆಹೊರೆಯವರೊಡನೆ ಒಟ್ಟಾಗಿ ಕುಳಿತು ಕೇಳಿ, ಚರ್ಚಿಸಿ, ತಮ್ಮ ಅಭಿಪ್ರಾಯವನ್ನು ಬರೆದು ಕಳುಹಿಸುತ್ತಿದ್ದರು; ಅದರ ಸಾರ ಮತ್ತೆ ರೇಡಿಯೊದಲ್ಲಿ ಬರುತ್ತಿತ್ತು. 1956ರಲ್ಲಿ ಯುನೆಸ್ಕೊ ನೆರವಿನಿಂದ ಪುಣೆಯ ಸುತ್ತಲಿನ ಹಳ್ಳಿಗಳಲ್ಲಿಯೂ ಈ ಮಾದರಿಯ ಪ್ರಯೋಗ ನಡೆಯಿತು. ಪಾಡ್‌ಕಾಸ್ಟ್ ಎಂದರೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬರೇ ಕೇಳುವಂಥದ್ದು ಎಂಬ ರೂಢಿಯನ್ನು ಬದಿಗಿಟ್ಟು, ಹದಿನೈದು ನಿಮಿಷದ ಸಂಚಿಕೆಯನ್ನು ಊರಿನ ಸಭೆಯಲ್ಲೊ ತರಗತಿಯಲ್ಲೊ ಸ್ಪೀಕರಿನಲ್ಲಿ ಹಾಕಿ, ಅನಂತರ ಬಂದ ಮಾತುಗಳನ್ನು ಧ್ವನಿ ಸಂದೇಶಗಳಾಗಿ ಪಡೆದು ಮುಂದಿನ ಸಂಚಿಕೆಗೆ ಸೇರಿಸಬಹುದು. ಓದುಬರಹ ಬಾರದವರಿಗೂ ಇದರಲ್ಲಿ ಪಾಲಿರುತ್ತದೆ. ಮೋನೊದಲ್ಲಿ, ಅಂದರೆ ಎಡ-ಬಲವೆಂದು ಬೇರ್ಪಡಿಸದ ಒಂದೇ ಧ್ವನಿಪಥದಲ್ಲಿ, ಸೆಕೆಂಡಿಗೆ 64 ಕಿಲೊಬಿಟ್ ದರದಲ್ಲಿ ಉಳಿಸಿದರೆ ಅಷ್ಟು ಉದ್ದದ ಕಡತ ಸುಮಾರು 7 ಎಂಬಿ ಮಾತ್ರ. ದುರ್ಬಲ ನೆಟ್‌ವರ್ಕ್ ಇರುವಲ್ಲಿಯೂ ಅದು ಇಳಿಯುತ್ತದೆ.

ಮೀನು ಮೊಟ್ಟೆಯಿಡಲು ಯಾವ ತಿಂಗಳಲ್ಲಿ ಹೊಳೆಯ ಮೇಲ್ಗಡೆಗೆ ಏರುತ್ತಿತ್ತು, ಈಗ ಆ ದಿನಗಳು ಹೇಗೆ ಹಿಂದುಮುಂದಾಗಿವೆ ಎಂಬುದನ್ನು ಮೀನುಗಾರರೊಬ್ಬರು ಹೇಳುವುದಾದರೆ, ಅದನ್ನು ಸ್ಟುಡಿಯೊದಲ್ಲಲ್ಲ, ನೀರಿನ ಬಳಿಯಲ್ಲೇ ಧ್ವನಿಮುದ್ರಿಸಬೇಕು. ಮೈಕಿಗೆ ಸ್ಪಂಜಿನ ಹೊದಿಕೆ ಹಾಕದಿದ್ದರೆ ಗಾಳಿಯ ಭರಾಟೆಯಲ್ಲಿ ಮಾತು ಮುಳುಗುತ್ತದೆ. ಮಾತು ಮುಗಿದ ಮೇಲೂ ಮೈಕನ್ನು ಆರಿಸದೆ, ಆ ಜಾಗದ ಬರಿಯ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟುಕೊಂಡರೆ, ಸಂಕಲನದಲ್ಲಿ ಕತ್ತರಿಸಿ ಜೋಡಿಸಿದ ಕಡೆಗಳಲ್ಲಿ ಬೆಸುಗೆ ಗೊತ್ತಾಗದಂತೆ ಅದನ್ನು ಮಾತಿನ ಅಡಿಯಲ್ಲಿ ಹಾಸಬಹುದು. ಹೇಳುವವರು ಯೋಚಿಸುತ್ತ ತಡವರಿಸಿದ್ದನ್ನೆಲ್ಲ ಅಳಿಸಿ ಚೊಕ್ಕಟ ಮಾಡುವ ಚಪಲ ನನಗೆ ಹಿಡಿಸುವುದಿಲ್ಲ. ಅನುಭವಸ್ಥರ ಮಾತಿನ ತೂಕ ಎಷ್ಟೋ ಸಲ ಆ ತಡವರಿಕೆಯಲ್ಲೇ ಇರುತ್ತದೆ.

ಕತ್ತರಿಸಲೇಬೇಕಾದದ್ದು ಬೇರೆ ಇದೆ. ಅಪರೂಪದ ಹಕ್ಕಿಯ ಗೂಡು ಯಾವ ಮರದಲ್ಲಿದೆ, ಬೇಡಿಕೆಯ ಔಷಧಿ ಸಸ್ಯ ಯಾವ ಇಳಿಜಾರಿನಲ್ಲಿ ಬೆಳೆಯುತ್ತದೆ ಎಂಬುದು ಮಾತಿನ ಭರದಲ್ಲಿ ಹೊರಬಂದೇ ಬರುತ್ತದೆ, ಮತ್ತು ಬೇಟೆಗಾರರಿಗೂ ಕಳ್ಳಸಾಗಣೆದಾರರಿಗೂ ಪಾಡ್‌ಕಾಸ್ಟ್ ಕೇಳಲು ಯಾವ ಅಡ್ಡಿಯೂ ಇಲ್ಲ. ಅಕ್ರಮ ಗಣಿಗಾರಿಕೆಯ ವಿರುದ್ಧ ಮಾತನಾಡಿದವರ ಹೆಸರಿನ ವಿಚಾರದಲ್ಲಿಯೂ ಇದೇ ಎಚ್ಚರ ಬೇಕು. ಆದ್ದರಿಂದ ಸಿದ್ಧವಾದ ಸಂಚಿಕೆಯನ್ನು ಬಿಡುಗಡೆಗೆ ಮೊದಲು ಮಾತನಾಡಿದವರಿಗೇ ಒಮ್ಮೆ ಕೇಳಿಸಿ, ಅವರು ಬೇಡವೆಂದ ಭಾಗವನ್ನು ಚರ್ಚೆಯಿಲ್ಲದೆ ತೆಗೆಯಬೇಕು.