“ಇನ್ನೂ ಹತೋಟಿಗೆ ಬಂದಿಲ್ಲವೇ?” ಎನ್ನುವವರಿಗೆ

“ಇಷ್ಟು ವರ್ಷ ಔಷಧ ಮಾಡಿಯೂ ನಿಮ್ಮ ಉಬ್ಬಸ ಇನ್ನೂ ಹತೋಟಿಗೆ ಬಂದಿಲ್ಲವೇ?” ಮದುವೆ ಮನೆಯಲ್ಲಿ, ಸಾಗರದ ಬಸ್ಸಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಪ್ರಶ್ನೆಗೆ ಉತ್ತರಿಸಿ ಸಾಕಾಗಿದೆ. ಒಂದು ಉದ್ದ ವಾಕ್ಯ ಆಡಿದರೆ ಏದುಸಿರು ಬರುವ ದಿನಗಳಲ್ಲೇ ಜನ ಇದನ್ನು ಹೆಚ್ಚು ಕೇಳುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಪೂರ್ತಿ ಬಂದಿಲ್ಲ. ಅಸ್ತಮಾ ಬೇರುಸಹಿತ ಹೋಗುವ ಕಾಯಿಲೆಯಲ್ಲ, ಹಿಡಿತದಲ್ಲಿಟ್ಟುಕೊಳ್ಳುವ ಕಾಯಿಲೆ. ಹೆಚ್ಚಿನವರಿಗೆ ದಿನವೂ ತಪ್ಪದೆ ಇನ್ಹೇಲರ್ ಎಳೆದುಕೊಂಡರೆ ಅಷ್ಟು ಸಾಕು. ನನಗೆ ಸಾಲಲಿಲ್ಲ.

ಕೇಳುವುದಕ್ಕೆ ನನಗೆ ಬೇಸರವಿಲ್ಲ. ಉತ್ತರವನ್ನೂ ತಾವೇ ಕಟ್ಟಿಕೊಂಡು ಬಂದಿರುತ್ತಾರಲ್ಲ, ಸಿಟ್ಟು ಬರುವುದು ಅದಕ್ಕೆ. ಕಳೆದ ಅಡಿಕೆ ಸುಗ್ಗಿಯಲ್ಲಿ ತವರಿಗೆ ಹೋಗಿದ್ದೆ. ಜಗಲಿಯಲ್ಲಿ ಹತ್ತು ಜನರೆದುರು ದೊಡ್ಡಪ್ಪ ಶುರುಮಾಡಿದರು: “ತಂಗೀ, ಆ ಇನ್ಹೇಲರ್ ಚಟ ಬಿಡು. ಒಮ್ಮೆ ಅಭ್ಯಾಸವಾದರೆ ಜನ್ಮಪೂರ್ತಿ ಬೇಕು. ಅದರಲ್ಲಿ ಸ್ಟೀರಾಯ್ಡ್ ಇರುತ್ತದಂತೆ. ಮೃಗಶಿರೆಯ ದಿನ ಹೈದರಾಬಾದಿಗೆ ಹೋಗಿ ಆ ಮೀನಿನ ಔಷಧ ನುಂಗಿ ಬಾ. ಮೀನು ಬೇಡದವರಿಗೆ ಬೆಲ್ಲದಲ್ಲೂ ಕೊಡುತ್ತಾರಂತೆ.” ಎಲ್ಲರೂ ತಲೆಯಾಡಿಸಿದರು. ನನಗೆ ಆಗ ಕೆಮ್ಮು ಬಂದು ಮಾತು ಹೊರಡಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡರು.

ದೊಡ್ಡಪ್ಪ, ಅಂದು ಹೇಳಲಾಗದ್ದನ್ನು ಈಗ ಹೇಳುತ್ತೇನೆ. ನಾನು ಒಂದು ಸಲಕ್ಕೆ ಎಳೆದುಕೊಳ್ಳುವ ಸ್ಟೀರಾಯ್ಡ್ 200 ಮೈಕ್ರೋಗ್ರಾಂ. ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ. ಅದು ನೇರವಾಗಿ ಶ್ವಾಸನಾಳಕ್ಕೆ ಹೋಗಿ ಅಲ್ಲಿನ ಊತ ಇಳಿಸುತ್ತದೆ. ಇನ್ಹೇಲರ್ ಬಿಟ್ಟು, ಉಬ್ಬಸ ಉಲ್ಬಣಿಸಿ ಆಸ್ಪತ್ರೆ ಸೇರಿದರೆ ಕೊಡುವ ಪ್ರೆಡ್ನಿಸೋಲೋನ್ ಮಾತ್ರೆ ದಿನಕ್ಕೆ ಸುಮಾರು 40 ಮಿಲಿಗ್ರಾಂ. ಎರಡರ ಬಲ ಬೇರೆ ಬೇರೆ, ನಿಜ. ಆದರೆ ಪದೇಪದೇ ನುಂಗಬೇಕಾಗಿ ಬಂದರೆ ಮೂಳೆ ಸವೆಸುವುದು, ಸಕ್ಕರೆ ಏರಿಸುವುದು, ಮುಖ ಊದಿಸುವುದು ಆ ಮಾತ್ರೆ. ನೀವು ಹೆದರಬೇಕಾದದ್ದು ಅದಕ್ಕೆ.

“ಸರಿಯಾಗಿ ಎಳೆದುಕೊಳ್ಳುತ್ತಿಲ್ಲವೇನೋ” ಎನ್ನುವವರೂ ಇದ್ದಾರೆ. ಇದು ತೂಕದ ಮಾತು. ನೆದರ್ಲೆಂಡ್ಸಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಸ್ತಮಾ ಇರುವ ನೂರು ವಯಸ್ಕರಲ್ಲಿ ಸುಮಾರು 17 ಮಂದಿಗೆ ಹೆಚ್ಚಿನ ಔಷಧ ಕೊಟ್ಟರೂ ಕಾಯಿಲೆ ಹತೋಟಿಯಲ್ಲಿರಲಿಲ್ಲ. ಔಷಧವನ್ನು ಕ್ರಮವಾಗಿ, ಸರಿಯಾಗಿ ತೆಗೆದುಕೊಳ್ಳದವರನ್ನು ಬಿಟ್ಟರೆ ಉಳಿದದ್ದು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಅದಕ್ಕೇ ಮಂಗಳೂರಿನ ಶ್ವಾಸಕೋಶ ತಜ್ಞೆ ಮೊದಲು ಯಾವ ಪರೀಕ್ಷೆಯನ್ನೂ ಬರೆಯದೆ, “ನಿಮ್ಮ ಇನ್ಹೇಲರ್ ತೆಗೆಯಿರಿ, ನನ್ನೆದುರು ಎಳೆದುಕೊಳ್ಳಿ” ಎಂದರು. ಕುಲುಕಿದೆ. ಉಸಿರು ಪೂರ್ತಿ ಹೊರಬಿಟ್ಟೆ. ತುಟಿ ಬಿಗಿದು, ಒತ್ತುತ್ತಲೇ ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿದೆ. ಬಾಯಿ ಮುಕ್ಕಳಿಸಿದೆ. “ಇದರಲ್ಲಿ ತೊಂದರೆಯಿಲ್ಲ, ಬೇರೆ ಕಡೆ ಹುಡುಕೋಣ” ಎಂದರು.

ಸಿಕ್ಕಿದ್ದು ಬೂಷ್ಟು. ಆಸ್ಪರ್ಜಿಲಸ್ ಎಂಬ ಶಿಲೀಂಧ್ರದ ಬೀಜಕಗಳು ಎಲ್ಲ ಕಡೆ ಗಾಳಿಯಲ್ಲಿರುತ್ತವೆ. ಒದ್ದೆ ಹುಲ್ಲು, ಕೊಳೆತ ಸೊಪ್ಪು, ಗೊಬ್ಬರದ ಗುಂಡಿಯಲ್ಲಿ ಹೆಚ್ಚು. ನಮ್ಮ ಮಳೆಗಾಲದ ಮಲೆನಾಡು ಹೇಗಿರುತ್ತದೆಂದು ಹೇಳಬೇಕಾಗಿಲ್ಲ. ಹೆಚ್ಚಿನವರ ಶ್ವಾಸಕೋಶ ಅವನ್ನು ಹೊರಹಾಕುತ್ತದೆ. ಅಸ್ತಮಾ ಇರುವ ಕೆಲವರ ದೇಹ ಮಾತ್ರ ಅದರ ಮೇಲೆ ವಿಪರೀತ ಯುದ್ಧ ಹೂಡುತ್ತದೆ. ಕಫ ಗಟ್ಟಿಯಾಗಿ ನಾಳದಲ್ಲಿ ಕೂರುತ್ತದೆ, ನಾಳಗಳು ಕ್ರಮೇಣ ಹಿಗ್ಗಿ ಹಾಳಾಗುತ್ತವೆ. ಕೆಮ್ಮಿದಾಗ ಕಂದು ಬಣ್ಣದ, ರಬ್ಬರಿನಂಥ ತುಂಡು ಬರುತ್ತಿತ್ತು. ಅದು ಹೇಗಿದೆ ಎಂದು ಕೇಳಿದ ಮೊದಲ ವೈದ್ಯೆ ಇವರು. ರಕ್ತದಲ್ಲಿ ಒಟ್ಟು ಐಜಿಇ, ಅಂದರೆ ಅಲರ್ಜಿಯಲ್ಲಿ ಏರುವ ಪ್ರತಿಕಾಯ, ಸಾವಿರಗಳಲ್ಲಿತ್ತು. ಶಿಲೀಂಧ್ರದ ಈ ಅಲರ್ಜಿ ಕಾಯಿಲೆಯನ್ನು ವೈದ್ಯರು ಎಬಿಪಿಎ ಎನ್ನುತ್ತಾರೆ.

ಇದಕ್ಕೆ ಮೊದಲು ಇನ್ನೊಬ್ಬ ವೈದ್ಯರು ಎಕ್ಸ್‌ರೇಯ ಬಿಳಿ ನೆರಳು ನೋಡಿ ಕ್ಷಯವೆಂದರು. ಕಫದಲ್ಲಿ ಕ್ಷಯದ ಕ್ರಿಮಿ ಕಾಣದಿದ್ದರೂ ತಿಂಗಳುಗಟ್ಟಲೆ ಆ ಮಾತ್ರೆ ನುಂಗಿದೆ. ನಮ್ಮ ದೇಶದಲ್ಲಿ ಎಬಿಪಿಎ ಇರುವವರಿಗೆ ಹೀಗಾಗುವುದು ಅಪರೂಪವಲ್ಲ. ಈಗ ಶಿಲೀಂಧ್ರದ ಔಷಧ ಇಟ್ರಾಕೊನಜೋಲ್ ನಡೆಯುತ್ತಿದೆ, ಇನ್ಹೇಲರ್ ಜೊತೆಗಿದೆ. ಅಡಿಕೆ ಅಂಗಳಕ್ಕೂ ಕೊಟ್ಟಿಗೆಯ ಹುಲ್ಲಟ್ಟಕ್ಕೂ ನಾನು ಹೋಗುವುದಿಲ್ಲ. ಸೊಕ್ಕು ಎಂದುಕೊಳ್ಳುವವರು ಎಂದುಕೊಳ್ಳಲಿ.

ನಿಜವಾಗಿ ನನ್ನ ಮೇಲೆ ಕಾಳಜಿಯಿದ್ದರೆ ಕೇಳಬೇಕಾದ್ದು ಬೇರೆ. ರಾತ್ರಿ ಕೆಮ್ಮಿ ಎಚ್ಚರವಾಗುತ್ತಿದೆಯೇ? ಉಬ್ಬಸ ಬಂದಾಗ ತಕ್ಷಣದ ಆರಾಮಕ್ಕೆ ಎಳೆದುಕೊಳ್ಳುವ ನೀಲಿ ಇನ್ಹೇಲರ್ ವಾರದಲ್ಲಿ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ಮೆಟ್ಟಿಲು ಹತ್ತುವುದನ್ನು ಬಿಟ್ಟಿದ್ದೀಯಾ? ವೈದ್ಯರು ಹತೋಟಿಯನ್ನು ಅಳೆಯುವುದೂ ಇಂಥ ಪ್ರಶ್ನೆಗಳಿಂದಲೇ. ನನ್ನ ಗಂಡ ದಿನವೂ ಬೆಳಿಗ್ಗೆ ಮೊದಲನೆಯದನ್ನು ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಉತ್ತರಿಸಲು ನನಗೆ ಎಂದೂ ದಣಿವಾಗಿಲ್ಲ.

ನಿಮ್ಮ ಮನೆಯಲ್ಲೂ ಔಷಧ ಬಿಡದೆ ಮಾಡಿಯೂ ಏದುಸಿರು ಬಿಡುವವರು ಇದ್ದರೆ, ಅವರ ರಿಪೋರ್ಟುಗಳ ಚೀಲದಲ್ಲಿ ಐಜಿಇ ಪರೀಕ್ಷೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಬೇಕೇ ಎಂದು ಶ್ವಾಸಕೋಶ ತಜ್ಞರನ್ನು ಕೇಳಿ. ಎಕ್ಸ್‌ರೇ ನೋಡಿ ಕ್ಷಯವೆಂದರೆ ಕಫದ ಪರೀಕ್ಷೆಯಾಗಿದೆಯೇ ಎಂದು ಕೇಳಿ. ಹೋಗುವಾಗ ಇನ್ಹೇಲರನ್ನೂ ಜೊತೆಗೆ ಒಯ್ಯಿರಿ.