ಹಳೆಯ ಇಂಡಿಗೊ ಮರೀನಾ, ತೋಟದ ದಾರಿ: ಒಂದಿಂಚು ಎತ್ತರಿಸಿ, ಎರಡು ಬೇಡ

ಕೊಡಗಿನ ತೋಟದ ದಾರಿಯಲ್ಲಿ ಕಾರು ಸಿಕ್ಕಿಕೊಳ್ಳೋದು ಹೆಚ್ಚಾಗಿ ಗುಂಡಿಯಲ್ಲಲ್ಲ, ನಡುದಿಬ್ಬದ ಮೇಲೆ. ಜೀಪು, ಟ್ರ್ಯಾಕ್ಟರು ಓಡಾಡಿ ಎರಡೂ ಕಡೆ ಚಕ್ರದ ಜಾಡು ತಗ್ಗಿರುತ್ತೆ, ಮಧ್ಯೆ ಹುಲ್ಲು ಬೆಳೆದ ದಿಬ್ಬ ಹಾಗೇ ನಿಂತಿರುತ್ತೆ. ಜುಲೈ ಹೊತ್ತಿಗೆ ಜಾಡು ಇನ್ನೂ ಆಳ. ಹಿಂದೆ ನಾಲ್ಕು ಮೂಟೆ ಕಾಫಿ ತುಂಬಿಕೊಂಡ ಸ್ಟೇಷನ್ ವ್ಯಾಗನ್ ಅಲ್ಲಿ ಚೇಂಬರ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಡಿಸಿಕೊಳ್ಳದೆ ದಾಟೋದು ಕಷ್ಟ. ಆದರೆ ಆ ದಿಬ್ಬ ತಪ್ಪಿಸೋಕೆ ಬೇಕಾಗಿರೋದು ಮೂರು ನಾಲ್ಕು ಸೆಂಟಿಮೀಟರ್ ಅಷ್ಟೇ: ಒಂದಿಂಚು ಸಸ್ಪೆನ್ಷನ್ ಎತ್ತರಿಸಿ, ಉಳಿದದ್ದು ಟೈರಿನಿಂದ. ಅದಕ್ಕಿಂತ ಹೆಚ್ಚು ಎತ್ತರಿಸಿದರೆ ದಿಬ್ಬದ ತೊಂದರೆ ಹೋಗಿ ಚಕ್ರಕ್ಕೆ ಎಂಜಿನ್ ಬಲ ಒಯ್ಯುವ ಡ್ರೈವ್ ಶಾಫ್ಟಿನ ತೊಂದರೆ ಶುರುವಾಗುತ್ತೆ.

ಇಲ್ಲಿನ ಲೆಕ್ಕವೆಲ್ಲ 2004ರಲ್ಲಿ ಬಂದ ಟಾಟಾ ಇಂಡಿಗೊ ಮರೀನಾ ಸ್ಟೇಷನ್ ವ್ಯಾಗನ್ನಿಗೆ. ಮುಂದೆ ಹಿಂದೆ ಎರಡೂ ಕಡೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಇರುವುದರಿಂದ ಕೆಲಸ ಸುಲಭ. ಮಾರುತಿ ಬಲೆನೊ ಆಲ್ಟುರಾ ಕೂಡ ನಾಲ್ಕೂ ಕಡೆ ಸ್ಟ್ರಟ್ಟಿನ ಗಾಡಿಯೇ, ಕ್ರಮ ಒಂದೇ, ಅಳತೆ ಬೇರೆ. ಸ್ಕೋಡಾ ಆಕ್ಟೇವಿಯಾ ಕಾಂಬಿ ಹಿಂದೆ ಅಡ್ಡ ಬೀಮ್ ಇರುವ ಗಾಡಿ. ಅದಕ್ಕೆ ಸ್ಪೇಸರ್ (ಎತ್ತರಿಸಲು ನಡುವೆ ಕೂರಿಸುವ ದಪ್ಪ ಬಿಲ್ಲೆ) ಹಾಕಿದರೆ ಬಾಡಿ ಎದ್ದಷ್ಟು ಬೀಮ್ ಮೇಲೇಳಲ್ಲ, ಅದನ್ನು ಪೂರ್ತಿ ಎತ್ತೋದು ಟೈರ್ ಮಾತ್ರ. ಟಾಟಾ ಎಸ್ಟೇಟ್ ಹಿಂದಿನ ಚಕ್ರಕ್ಕೆ ಬಲ ಕೊಡುವ, ಷಾಸಿ ಮೇಲೆ ಕೂತ ಗಾಡಿ. ಅದರ ಕಥೆಯೇ ಬೇರೆ.

ಮೊದಲ ಕೆಲಸ ಎತ್ತರಿಸೋದಲ್ಲ, ಎಷ್ಟು ಕುಸಿದಿದೆ ಅಂತ ಅಳೆಯೋದು. ಕೊಯ್ಲು ಮುಗಿದ ಮೇಲೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಾಫಿ ಒಣಗಿಸುವ ಕಣ ಖಾಲಿಯಾಗುತ್ತೆ. ಅಷ್ಟು ಸಮವಾದ ಸಿಮೆಂಟ್ ನೆಲ ತೋಟದಲ್ಲಿ ಬೇರೆಲ್ಲೂ ಸಿಗಲ್ಲ. ಆದರೂ ನೀರು ಹರಿಯಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ಹಾಗಾಗಿ ಪ್ರತಿ ಸಲವೂ ಗಾಡಿಯನ್ನು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ನಿಲ್ಲಿಸಿ. ನೆಲದಿಂದ ಅಳೆಯಬೇಡಿ. ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಅಳೆಯಿರಿ, ಆಗ ಟೈರ್ ಬದಲಾದರೂ ಅಳತೆ ಕೆಡಲ್ಲ. ನಾಲ್ಕೂ ಮೂಲೆ ಬರೆದಿಡಿ. ಎಡಕ್ಕೂ ಬಲಕ್ಕೂ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಸ್ಪ್ರಿಂಗ್ ಸೋತಿದೆ, ಇಲ್ಲವೇ ಕೆಳಗಿನ ಸುತ್ತು ತುಂಡಾಗಿದೆ. ಸ್ಪ್ರಿಂಗ್ ಕೂರುವ ಸೀಟಿನ ರಬ್ಬರ್ ಒಳಗೆ ನೀರು ನಿಂತು ತುಕ್ಕು ಹಿಡಿದು ಮುರಿಯುವ ಆ ತುಂಡು ಸ್ಟ್ರಟ್ ಬಿಚ್ಚುವವರೆಗೂ ಕಣ್ಣಿಗೆ ಬೀಳಲ್ಲ.

ಹೊಸ ಸ್ಪ್ರಿಂಗ್, ಹೊಸ ಟಾಪ್ ಮೌಂಟ್ (ಸ್ಟ್ರಟ್ಟಿನ ತುದಿಯನ್ನು ಬಾಡಿಗೆ ಹಿಡಿಯುವ ರಬ್ಬರ್ ತಟ್ಟೆ) ಹಾಕಿದರೆ ಎಷ್ಟೋ ಗಾಡಿಗಳು ಒಂದೆರಡು ಸೆಂಟಿಮೀಟರ್ ತಾವಾಗೇ ಎದ್ದು ನಿಲ್ಲುತ್ತವೆ. ಕುಸಿದ ಸ್ಪ್ರಿಂಗ್ ಮೇಲೆ ಸ್ಪೇಸರ್ ಕೂರಿಸೋದು ದುಡ್ಡು ದಂಡ.

ಇದೇ ಹೊತ್ತಿಗೆ ಸ್ಟ್ರಟ್ ಟವರ್, ಅಂದರೆ ಸ್ಟ್ರಟ್ಟಿನ ತಲೆ ಕೂರುವ ಬಾಡಿಯ ಗೂಡು, ನೋಡಿ. ಮುಂದಿನದು ಬಾನೆಟ್ ತೆರೆದರೆ ಕಾಣುತ್ತೆ. ಹಿಂದಿನದಕ್ಕೆ ಡಿಕ್ಕಿಯ ಪಕ್ಕದ ಟ್ರಿಮ್ ಬಿಚ್ಚಬೇಕು. ಸೀಲರ್ ಉಬ್ಬಿದ ಕಡೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ, ಮೊಂಡು ಸದ್ದು ಬಂದರೆ ತುದಿಯಿಂದ ಕೆದಕಿ. ಕೊಡಗಿನ ಮಳೆಯಲ್ಲಿ ಹದಿನೈದು ವರ್ಷ ನಿಂತ ಗಾಡಿಯ ಟವರ್‌ನಲ್ಲಿ ತಗಡು ತೆಳುವಾಗಿದ್ದರೆ ವೆಲ್ಡಿಂಗ್ ಮುಗಿಯುವ ತನಕ ಲಿಫ್ಟ್ ಮಾತೇ ಬೇಡ.

ಇನ್ನು ಟೈರ್. ಮರೀನಾದ ಮೂಲ ಅಳತೆ 175/65 ಆರ್14 (ಅಗಲ ಮಿ.ಮೀ.ನಲ್ಲಿ, ಪಕ್ಕದ ಗೋಡೆ ಅಗಲದ ಶೇಕಡಾವಾರು, ರಿಮ್ ಇಂಚಿನಲ್ಲಿ), ಅಂದರೆ ಸುಮಾರು 583 ಮಿ.ಮೀ. ವ್ಯಾಸ. ವ್ಯಾಸ ಹೆಚ್ಚಿದ್ದರಲ್ಲಿ ಅರ್ಧ ಮಾತ್ರ ನೆಲದ ಅಂತರಕ್ಕೆ ಸಿಗೋದು. 175/70 ಆರ್14 ಹಾಕಿದರೆ 601, ಲಾಭ 9 ಮಿ.ಮೀ. 185/70 ಆರ್14 ಹಾಕಿದರೆ 615, ಲಾಭ 16. 185/65 ಆರ್15ಕ್ಕೆ ಹೋದರೆ 621, ಲಾಭ 19. ಈ ಕೊನೆಯದಕ್ಕೆ ಹೊಸ ರಿಮ್ ಬೇಕು, ಆದರೆ 185/70 ಆರ್14ಕ್ಕಿಂತ ಸಿಗೋದು ಮೂರೇ ಮಿ.ಮೀ. ಹೆಚ್ಚು. ಅದರ ಮೇಲೆ ಟೈರಿನ ಪಕ್ಕದ ಗೋಡೆ 130ರಿಂದ 120 ಮಿ.ಮೀ.ಗೆ ಇಳಿಯುತ್ತೆ. ಕಲ್ಲಿನ ದಾರಿಯಲ್ಲಿ ರಿಮ್ ಉಳಿಸೋದು ಆ ಗೋಡೆಯೇ. ದೊಡ್ಡ ಅಲಾಯ್ ನೋಡೋಕೆ ಚೆಂದ, ತೋಟಕ್ಕೆ 14ರ ಕಬ್ಬಿಣದ ರಿಮ್ಮೇ ಸರಿ. ಬಗ್ಗಿದರೆ ಬಡಿದು ನೆಟ್ಟಗೆ ಮಾಡಬಹುದು.

ಇನ್ನೊಂದು ಅಳತೆಯನ್ನು ಯಾಕೋ ಜನ ಗಮನಿಸಲ್ಲ: 165/80 ಆರ್14. ವ್ಯಾಸ 620 ಮಿ.ಮೀ., ಲಾಭ 18. ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತೆ. ಅಗಲ ಕಡಿಮೆ ಇರುವುದರಿಂದ ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲಕ್ಕೆ ತಾಗುತ್ತೆ, ಸ್ಟ್ರಟ್‌ಗೂ ಉಜ್ಜಲ್ಲ. ಟಾರು ರಸ್ತೆಯ ತಿರುವಿನಲ್ಲಿ ಮಾತ್ರ 185ರಷ್ಟು ಗಟ್ಟಿಯಾಗಿ ಹಿಡಿಯಲ್ಲ. ವಾರಕ್ಕೆರಡು ಸಲ ಸಂಪಾಜೆ ಘಾಟಿ ಇಳಿಯುವವರಿಗೆ 185/70, ತೋಟ, ಸಂತೆ, ಕಾಫಿ ಹಣ್ಣಿನ ಪಲ್ಪಿಂಗ್ ಅಂತ ಹತ್ತು ಕಿಲೋಮೀಟರ್ ಒಳಗೇ ಸುತ್ತುವವರಿಗೆ 165/80. ಯಾವುದೇ ತಗೊಂಡರೂ ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕೆಳಗಿರಬಾರದು: 82 ಅಂದರೆ ಒಂದು ಚಕ್ರಕ್ಕೆ 475 ಕೆ.ಜಿ., 85 ಅಂದರೆ 515, 88 ಅಂದರೆ 560.

ದೊಡ್ಡ ಟೈರಿಗೆ ತೆರಬೇಕಾದ ಬೆಲೆ ಗೇರಿನಲ್ಲಿದೆ. 185/70ರಲ್ಲಿ ಗೇರಿಂಗ್ ಶೇ 5.4ರಷ್ಟು ಉದ್ದವಾಗುತ್ತೆ. ಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿ ಓಡುತ್ತಿರುತ್ತೆ. ಕಿಲೋಮೀಟರ್ ಲೆಕ್ಕವೂ ಕಡಿಮೆ ಬೀಳುವುದರಿಂದ ಮೈಲೇಜ್ ಬಿದ್ದುಹೋಯಿತು ಅನ್ನಿಸುತ್ತೆ. ಮೀಟರಿನ ಕಿಲೋಮೀಟರನ್ನು 1.054ರಿಂದ ಗುಣಿಸಿ ನೋಡದೆ ಇಂಜೆಕ್ಟರ್ ಬಿಚ್ಚಿಸೋಕೆ ಹೋಗಬೇಡಿ. ಭಾರ ತುಂಬಿ ಏರಿನಲ್ಲಿ ನಿಲ್ಲಿಸಿ ಎತ್ತುವಾಗ ಕ್ಲಚ್ ಹೆಚ್ಚು ಜಾರಿಸಬೇಕಾಗುತ್ತೆ. ಕ್ಲಚ್ ಪ್ಲೇಟ್ ಈಗಾಗಲೇ ಸವೆದಿದ್ದರೆ ಅದರ ಖರ್ಚನ್ನೂ ಇದಕ್ಕೇ ಸೇರಿಸಿಕೊಳ್ಳಿ.

ಈಗ ಸ್ಪೇಸರ್. ಸ್ಪ್ರಿಂಗಿನ ಸುತ್ತುಗಳ ಮಧ್ಯೆ ತುರುಕುವ ರಬ್ಬರ್ ಬಫರ್ ಲಿಫ್ಟ್ ಅಲ್ಲ. ಅದು ಒಂದೆರಡು ಸುತ್ತುಗಳನ್ನು ಕೆಲಸ ಮಾಡದಂತೆ ತಡೆಯುತ್ತೆ, ಉಳಿದ ಸುತ್ತುಗಳ ಮೇಲೆ ಒತ್ತಡ ಹೆಚ್ಚುತ್ತೆ, ರಬ್ಬರ್ ಅಂಚಿನಲ್ಲಿ ಕೆಂಪು ಮಣ್ಣು ಸಿಕ್ಕಿಕೊಂಡು ಬಣ್ಣ ಉಜ್ಜಿ ತುಕ್ಕು ಹಿಡಿಯುತ್ತೆ. ಸ್ಪ್ರಿಂಗ್ ಬಿರುಕು ಬಿಡೋದು ಅಲ್ಲೇ.

ಬೇಕಾದದ್ದು ಟಾಪ್ ಮೌಂಟ್‌ಗೂ ಬಾಡಿಗೂ ನಡುವೆ ಕೂರುವ 25 ಮಿ.ಮೀ. ಸ್ಪೇಸರ್. ಸ್ಟ್ರಟ್ ಗಾಡಿಯಲ್ಲಿ 25 ಹಾಕಿದರೆ ಹೆಚ್ಚುಕಡಿಮೆ 25 ಪೂರ್ತಿ ಎತ್ತರ ಸಿಗುತ್ತೆ. ಇನ್ನೊಂದು ಲಾಭವೂ ಇದೆ. ಇಡೀ ಸ್ಟ್ರಟ್, ಅದರ ಬಂಪ್ ಸ್ಟಾಪ್ (ಅದುಮುವುದನ್ನು ಕೊನೆಗೆ ತಡೆಯುವ ರಬ್ಬರ್) ಸಮೇತ, 25 ಮಿ.ಮೀ. ಕೆಳಗಿಳಿಯುವುದರಿಂದ ಗಾಡಿ ಪೂರ್ತಿ ಅದುಮಿದಾಗಲೂ ಚಕ್ರ ಮೊದಲಿನಷ್ಟು ಮೇಲಕ್ಕೆ ಹೋಗಲ್ಲ. ಟೈರಿನಲ್ಲಿ ಹೆಚ್ಚಾದ 16 ಮಿ.ಮೀ.ಗೆ ಚಕ್ರದ ಮೇಲಿನ ಆರ್ಚ್ ಒಳಗೆ ಜಾಗ ಸಿಗೋದು ಹೀಗೆ. ಗಟ್ಟಿ ಸ್ಪ್ರಿಂಗ್ ಹಾಕಿ ಎತ್ತರಿಸಿದರೆ ಈ ಲಾಭ ಇಲ್ಲ. ನಿಂತಾಗ ಎತ್ತರ ಕಾಣುತ್ತೆ, ಹಂಪಿನಲ್ಲಿ ಅದುಮಿದಾಗ ಚಕ್ರ ಹಳೆಯ ಜಾಗಕ್ಕೇ ಹೋಗಿ ಫೆಂಡರ್ ಉಜ್ಜುತ್ತೆ.

ಪಲ್ಪರ್, ಪಂಪ್‌ಸೆಟ್ ರಿಪೇರಿ ಮಾಡುವ ಯಾವ ಲೇತ್ ಅಂಗಡಿಯಲ್ಲೂ ಈ ಸ್ಪೇಸರ್ ಮಾಡಿಸಬಹುದು. ಟಾಪ್ ಮೌಂಟ್ ಬಿಚ್ಚಿ ಅದರ ಆಕಾರವನ್ನು ರಟ್ಟಿನ ಮೇಲೆ ಗೀಚಿಕೊಳ್ಳಿ. 6061 ದರ್ಜೆಯ ಅಲ್ಯೂಮಿನಿಯಂ ಸಾಕು. ಮೌಂಟ್ ತಟ್ಟೆ ಪೂರ್ತಿ ಕೂರುವಷ್ಟು ಅಗಲ ಇರಬೇಕು. ಮೂರು ಬೋಲ್ಟಿಗೆ ಮೂರು ಪೈಪ್ ತುಂಡು ಹಾಕಿ ಕೆಲಸ ಮುಗಿಸಿದರೆ ಇಡೀ ಭಾರ ಮೂರು ಬಿಂದುವಿಗೆ ಬಿದ್ದು ಟವರ್ ತಗಡು ಡೊಂಕಾಗುತ್ತೆ. ಮೌಂಟಿನ ಉಬ್ಬು ಬಾಡಿಯ ತೂತಿನಲ್ಲಿ ಕೂರುವ ವಿನ್ಯಾಸವಾದರೆ ಸ್ಪೇಸರ್ ಮೇಲ್ಭಾಗಕ್ಕೂ ಅದೇ ಉಬ್ಬು ತಿರುವಿಸಿಕೊಳ್ಳಿ, ಇಲ್ಲವಾದರೆ ಸ್ಟ್ರಟ್ ಮಧ್ಯಕ್ಕೆ ನಿಲ್ಲಲ್ಲ. ಹಳೆಯ ಸ್ಟಡ್ ಉದ್ದ ಸಾಲಲ್ಲ. ಸ್ಪೇಸರಿಗೇ ಬೇರೆ ಸ್ಟಡ್ ಪ್ರೆಸ್ ಮಾಡಿಸಿ, 8.8 ದರ್ಜೆಗಿಂತ ಕಡಿಮೆ ಬೇಡ. ಹಳೆಯ ಸ್ಟಡ್‌ಗೆ ತುಂಡು ವೆಲ್ಡ್ ಮಾಡಿ ಉದ್ದ ಮಾಡೋಣ ಅಂದವರ ಅಂಗಡಿಯಿಂದ ಎದ್ದು ಬನ್ನಿ. ಅಲ್ಯೂಮಿನಿಯಂ ಮತ್ತು ಉಕ್ಕು ತೇವದಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಕೊರೆತ ಹಿಡಿಯುತ್ತೆ, ಆದ್ದರಿಂದ ಸ್ಪೇಸರಿಗೆ ಎರಡು ಕೋಟು ಎಪಾಕ್ಸಿ ಪೇಂಟ್.

ಬಿಚ್ಚುವ ಕ್ರಮ: ಜ್ಯಾಕ್ ಮೇಲಲ್ಲ, ಸ್ಟ್ಯಾಂಡ್ ಮೇಲೆ ಗಾಡಿ ನಿಲ್ಲಿಸಿ ಚಕ್ರ ತೆಗೆಯಿರಿ. ಬ್ರೇಕ್ ಹೋಸ್ ಕ್ಲಿಪ್, ಲಿಂಕ್ ರಾಡ್ ಬಿಡಿಸಿ. ನಕಲ್, ಅಂದರೆ ಚಕ್ರದ ಹಬ್ ಹೊತ್ತ ತುಂಡನ್ನು, ಹಿಡಿದಿರುವ ಎರಡು ಬೋಲ್ಟ್ ಸುತ್ತ ಬಣ್ಣದ ಗುರುತು ಹಾಕಿ ಆಮೇಲೆ ಸಡಿಲಿಸಿ. ನಕಲನ್ನು ತಂತಿಯಿಂದ ಕಟ್ಟಿಡಿ. ಹೊರಕ್ಕೆ ವಾಲಲು ಬಿಟ್ಟರೆ ಡ್ರೈವ್ ಶಾಫ್ಟಿನ ಒಳತುದಿಯ ಸಿವಿ ಜಾಯಿಂಟ್ (ಬಾಗಿಯೂ ತಿರುಗುವ ಕೀಲು) ಕಳಚಿಕೊಳ್ಳುತ್ತೆ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತೆ. ಮೇಲಿನ ಮೂರು ನಟ್ ಕೊನೆಗೆ. ಮಧ್ಯದ ದೊಡ್ಡ ನಟ್ ಮುಟ್ಟಲೇಬೇಡಿ, ಅದು ಅದುಮಿದ ಸ್ಪ್ರಿಂಗನ್ನು ಹಿಡಿದಿರೋದು. ಸ್ಪ್ರಿಂಗ್ ಬದಲಿಸುವುದಿದ್ದರೆ ಕಂಪ್ರೆಸರ್ ಹಾಕಿಯೇ ಅದನ್ನು ಬಿಚ್ಚಬೇಕು. ಜೋಡಿಸುವಾಗ ಮೇಲಿನ ಎಂಟು ಮಿ.ಮೀ. ನಟ್‌ಗಳಿಗೆ ಸುಮಾರು 25 ನ್ಯೂಟನ್ ಮೀಟರ್ ಟಾರ್ಕ್ ಸಾಕು, ಮೊಣಕೈ ಬಲ ಹಾಕಿದರೆ ಸ್ಟಡ್ ತಿರುಚುತ್ತೆ.

ಗ್ಯಾರೇಜುಗಳಲ್ಲಿ ಹೆಚ್ಚಾಗಿ ತಪ್ಪುವುದು ಬುಷ್ (ಕೀಲಿನ ರಬ್ಬರ್ ಕೊಳವೆ) ಬಿಗಿಯುವಾಗ. ಲೋವರ್ ಆರ್ಮ್ (ಚಕ್ರದ ಬುಡ ಹಿಡಿಯುವ ತೋಳು), ಹಿಂದಿನ ಲಿಂಕ್‌ಗಳ ಬುಷ್ ಬೋಲ್ಟ್‌ಗಳನ್ನು ಸಡಿಲ ಮಾಡಿ, ಚಕ್ರ ಹಾಕಿ, ಗಾಡಿ ನೆಲಕ್ಕಿಳಿಸಿ, ನಾಲ್ಕು ಸಲ ಅದುಮಿ, ಆಮೇಲೆ ಬಿಗಿಯಬೇಕು. ಬುಷ್ ರಬ್ಬರ್ ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತೆ. ಗಾಡಿ ಗಾಳಿಯಲ್ಲಿ ನೇತಾಡುವಾಗ ಬಿಗಿದರೆ ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಇರುತ್ತೆ, ಒಂದು ಮಳೆಗಾಲದಲ್ಲಿ ಹರಿಯುತ್ತೆ. ಎತ್ತರಿಸಿದ ಮೇಲೆ ಆರ್ಮ್‌ಗಳ ಕೋನವೇ ಬದಲಾಗಿರುವುದರಿಂದ ಹಳೆಯ ಬಿಗಿತ ಹಾಗೇ ಬಿಡೋದೂ ತಪ್ಪು.

ಎರಡಿಂಚು ಯಾಕೆ ಬೇಡ ಅನ್ನೋದು ಶಾಫ್ಟಿನ ಲೆಕ್ಕ. ಕೀಲಿನಿಂದ ಕೀಲಿಗೆ 350 ಮಿ.ಮೀ. ಉದ್ದದ ಶಾಫ್ಟ್ ಅಂದುಕೊಳ್ಳಿ. 25 ಮಿ.ಮೀ. ಎತ್ತರಿಸಿದರೆ ಕೋನ ಸುಮಾರು 4 ಡಿಗ್ರಿ ಹೆಚ್ಚುತ್ತೆ, 50 ಎತ್ತರಿಸಿದರೆ 8. ಚಿಕ್ಕ ಶಾಫ್ಟ್ ಇರುವ ಕಡೆ ಕಷ್ಟ ಇನ್ನೂ ಹೆಚ್ಚು. ಒಳಗಿನ ಟ್ರೈಪಾಡ್ ಬಗೆಯ ಸಿವಿ ಜಾಯಿಂಟ್ ಕೋನದಲ್ಲಿ ಭಾರ ಎಳೆಯುವಾಗ ಅಡ್ಡಕ್ಕೆ ತೊನೆಯುತ್ತೆ. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಇಡೀ ಗಾಡಿ ನಡುಗಿ, ಆಕ್ಸಿಲರೇಟರ್ ಬಿಟ್ಟ ಕೂಡಲೇ ನಿಂತರೆ ಕಾರಣ ಇದೇ. ಇಂಥ ನಡುಕಕ್ಕೆ ಎಂಜಿನ್ ಮೌಂಟಿಂಗ್ ಬದಲಿಸಿ ಫಲವಿಲ್ಲ. ಜಾಯಿಂಟ್ ಮುಚ್ಚುವ ರಬ್ಬರ್ ಬೂಟಿನ ಮಡಿಕೆಗಳೂ ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ರಿಮ್ ಒಳಮೈಗೆ ಕಪ್ಪು ಗ್ರೀಸ್ ಸಿಡಿದಿದ್ದು ಕಂಡರೆ ಅದೇ ವಾರ ಬೂಟ್ ಬದಲಿಸಿ. ಕೆಸರು ಒಳಹೊಕ್ಕ ಜಾಯಿಂಟನ್ನು ಯಾವ ಗ್ರೀಸೂ ಉಳಿಸಲ್ಲ. 40 ಮಿ.ಮೀ. ದಾಟಬೇಕಾದರೆ ಸಬ್‌ಫ್ರೇಮ್ ಎಂಬ ಕೆಳಚೌಕಟ್ಟನ್ನು ಎಂಜಿನ್, ಗೇರ್‌ಬಾಕ್ಸ್ ಸಮೇತ ಕೆಳಗಿಳಿಸಬೇಕು, ಸ್ಟೀರಿಂಗ್ ಕಾಲಂ ಜಾಯಿಂಟ್ ಹೊಂದಿಸಬೇಕು. ಅಷ್ಟು ಮಾಡಿದರೂ ಚೇಂಬರ್ ಇರೋದು ಹೆಚ್ಚುಕಡಿಮೆ ಹಳೆಯ ಎತ್ತರದಲ್ಲೇ. ಹಾಗಿದ್ದ ಮೇಲೆ ದುಡಿದದ್ದು ಯಾಕೆ?

ಚಕ್ರ ಹಾಕುವ ಮೊದಲು ಸಸ್ಪೆನ್ಷನ್ ಪೂರ್ತಿ ಇಳಿಬಿಟ್ಟು ಸ್ಟೀರಿಂಗನ್ನು ಎರಡೂ ತುದಿಗೆ ತಿರುಗಿಸಿ ಬ್ರೇಕ್ ಹೋಸ್ ನೋಡಿ, ಎಲ್ಲೂ ಬಿಗಿಯಬಾರದು. ಹ್ಯಾಂಡ್‌ಬ್ರೇಕ್ ಕೇಬಲ್ ಕೂಡ. ಹಿಂದಿನ ಆಕ್ಸಲ್‌ಗೆ ಸರಳು ಕಟ್ಟಿದ ಬ್ರೇಕ್ ವಾಲ್ವ್ ಇರುವ ಗಾಡಿಗಳಲ್ಲಿ ಆ ಸರಳನ್ನೂ ಹೊಂದಿಸಬೇಕು, ಇಲ್ಲದಿದ್ದರೆ ಹಿಂಭಾಗ ಎದ್ದದ್ದನ್ನು ವಾಲ್ವ್ ಖಾಲಿ ಗಾಡಿ ಅಂತ ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತೆ. ಟೈರ್ ಹಾಕಿದ ಮೇಲೆ ಟೈರಿಗೂ ಸ್ಟ್ರಟ್ಟಿನ ಸ್ಪ್ರಿಂಗ್ ಸೀಟಿಗೂ ನಡುವೆ ಬೆರಳು ತೂರಬೇಕು. ತೂರದಿದ್ದರೆ ವೀಲ್ ಸ್ಪೇಸರ್ ಮೊರೆ ಹೋಗಬೇಡಿ, ಟೈರನ್ನೇ ಒಂದು ಅಳತೆ ಇಳಿಸಿ.

ಅಲೈನ್‌ಮೆಂಟ್ ಅದೇ ದಿನ. ಲೋವರ್ ಆರ್ಮ್ ಕೆಳಕ್ಕೆ ಬಾಗಿದ್ದರಿಂದ ಚಕ್ರದ ಬುಡ ಒಳಕ್ಕೆ ಸರಿದು ಕ್ಯಾಂಬರ್ (ಮುಂದಿನಿಂದ ಕಾಣುವ ಚಕ್ರದ ವಾಲು) ಪಾಸಿಟಿವ್ ಕಡೆ, ಅಂದರೆ ಚಕ್ರದ ತಲೆ ಹೊರಕ್ಕೆ, ಹೋಗಿರುತ್ತೆ, ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದು) ಕೂಡ ಕೆಟ್ಟಿರುತ್ತೆ. ಟೋ ಮಾತ್ರ ಸರಿಮಾಡಿ ಕಳಿಸಿದರೆ ಟೈರಿನ ಹೊರ ಅಂಚು ಸವೆಯುತ್ತೆ. ನಕಲಿನ ಮೇಲಿನ ತೂತಿಗೆ ಕ್ಯಾಂಬರ್ ಬೋಲ್ಟ್ ಹಾಕಿಸಿ ಅದನ್ನೂ ಹಿಂದಕ್ಕೆ ತರಿಸಿ. ಹೆಡ್‌ಲೈಟ್ ಕೂಡ ಮತ್ತೆ ಹೊಂದಿಸಬೇಕು. ಕಿರಣ ಸ್ವಲ್ಪ ಮೇಲಾದರೂ ಮಡಿಕೇರಿಯ ಮಂಜಿನಲ್ಲಿ ಮುಂದೆ ಬಿಳಿ ಗೋಡೆಯಷ್ಟೇ ಕಾಣೋದು.

ಹಿಂಭಾಗಕ್ಕೆ 30 ಮಿ.ಮೀ. ಸ್ಪೇಸರ್ ಹಾಕಬಹುದು, ಭಾರ ಬೀಳೋದು ಅಲ್ಲಿ. 50 ಕೆ.ಜಿ.ಯ ನಾಲ್ಕು ಮೂಟೆ ಅಂದರೆ 200 ಕೆ.ಜಿ. ದಪ್ಪ ತಂತಿಯ ಸ್ಪ್ರಿಂಗ್ ಸುತ್ತಿಸುವ ಆಸೆ ಇದ್ದರೆ ಲೆಕ್ಕ ಗೊತ್ತಿರಲಿ: ಬಿಗಿತ ತಂತಿಯ ದಪ್ಪದ ನಾಲ್ಕನೇ ಘಾತದಂತೆ ಏರುತ್ತೆ. 11 ಮಿ.ಮೀ. ತಂತಿಯ ಬದಲು 12 ಹಾಕಿದರೆ ಶೇ 40ಕ್ಕೂ ಹೆಚ್ಚು ಗಟ್ಟಿ. ಖಾಲಿ ಗಾಡಿ ಆಮೇಲೆ ಕುಪ್ಪಳಿಸುತ್ತೆ. ಮೂಟೆಗಳನ್ನು ಡಿಕ್ಕಿ ಬಾಗಿಲ ಹತ್ತಿರ ಒಟ್ಟಬೇಡಿ, ಸೀಟಿಗೆ ಒತ್ತಿಡಿ. ಮುಂದಿನ ಚಕ್ರ ಎಳೆಯುವ ಗಾಡಿಗೆ ಹಿಂದೆ ಭಾರ ಹೆಚ್ಚಿದಷ್ಟೂ ಏರಿನಲ್ಲಿ ಮುಂಭಾಗ ಹಗುರವಾಗಿ ಚಕ್ರ ಸುತ್ತುತ್ತೆ. ಜಾರುವ ಚಿಕ್ಕ ಏರನ್ನು ರಿವರ್ಸ್‌ನಲ್ಲಿ ಹತ್ತಿಸೋದು ಹಳೆಯ ಉಪಾಯ, ಕೆಲಸಕ್ಕೆ ಬರುತ್ತೆ. ಮಾಂದಲಪಟ್ಟಿ ಬೆಟ್ಟ ಹತ್ತುವ ಜೀಪುಗಳ ಹಿಂದೆ ಹೋಗೋಕೆ ಮಾತ್ರ ಇದ್ಯಾವುದೂ ಸಾಲದು.

ಚೇಂಬರ್ ಗಾರ್ಡ್ 3 ಮಿ.ಮೀ. ತಗಡಿನದು, ಸಬ್‌ಫ್ರೇಮ್‌ಗೆ ಕಟ್ಟಿದ್ದು, ಆಯಿಲ್ ಬಿಡುವ ತೂತು ಇರುವಂಥದ್ದು. ಚೇಂಬರ್‌ಗೂ ಗಾರ್ಡಿಗೂ ನಡುವೆ ಒಂದೂವರೆ ಸೆಂಟಿಮೀಟರ್ ಬಿಡಿ. ಅಂಟಿಕೊಂಡಿದ್ದರೆ ಏಟು ನೇರ ಚೇಂಬರಿಗೇ. ಮಳೆಗಾಲದಲ್ಲಿ ಅದರೊಳಗೆ ಕೆಸರು, ಸಿಲ್ವರ್ ಓಕ್ ಮರದ ಎಲೆ ತುಂಬಿ ಗಟ್ಟಿಯಾಗುತ್ತೆ, ಆಗಾಗ ಬಿಚ್ಚಿ ತೊಳೆಯಬೇಕು. ಕೆಳಗೆ ಮಲಗುವಾಗ ಜಿಗಣೆಗೆ ಸುಣ್ಣವೋ ಹೊಗೆಸೊಪ್ಪೋ ಜೊತೆಗಿರಲಿ.

ಮೊದಲ 200 ಕಿಲೋಮೀಟರ್ ಆದ ಮೇಲೆ ಎಲ್ಲ ನಟ್‌ಗಳಿಗೂ ಮತ್ತೊಮ್ಮೆ ಟಾರ್ಕ್ ಹಾಕಿ, ಕಣದ ಅದೇ ಜಾಗದಲ್ಲಿ ನಾಲ್ಕೂ ಮೂಲೆ ಅಳೆದು ಹಳೆಯ ಅಂಕಿಯ ಪಕ್ಕ ಬರೆಯಿರಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಲೇಬೇಕು. ಆದ್ದರಿಂದ ಬಾಡಿ ಕತ್ತರಿಸುವ, ಟವರ್ ವೆಲ್ಡ್ ಮಾಡಿ ಎತ್ತರಿಸುವ ಕೆಲಸಕ್ಕೆ ಕೈ ಹಾಕಬೇಡಿ. ಕೆಲಸ ಶುರು ಮಾಡುವ ಮೊದಲೇ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ವಿಚಾರಿಸಿ. ಅವರು ಒಪ್ಪದಿದ್ದರೆ ಹೊಸ ಸ್ಪ್ರಿಂಗ್, ಹೊಸ ಮೌಂಟ್, ಗಾರ್ಡ್ ಹಾಕಿಸಿ ಅಲ್ಲಿಗೇ ನಿಲ್ಲಿಸಿ. ಕುಸಿದದ್ದು ಎದ್ದು ನಿಂತರೇ ಅರ್ಧದಷ್ಟು ದಿಬ್ಬಗಳು ದಾಟುತ್ತವೆ.